‘ಡೀಗಾಸ್’ಗೆ ಕನ್ನಡದಲ್ಲಿ ಏನನ್ನೋದು? ನಾಳೆ ಬೋರ್ಡು ಬರೆಸಬೇಕು

ಎಲ್ಲರಿಗೂ ನಮಸ್ಕಾರ. ಮಂಡ್ಯದಲ್ಲಿ ನಮ್ಮ ಭಾವನದು ಹಳೇ ಕಂಪ್ಯೂಟರ್ ಗುಜರಿ ಅಂಗಡಿ. ಹಾರ್ಡ್ ಡಿಸ್ಕಿನಲ್ಲಿ ಇರೋದನ್ನೆಲ್ಲ ಅಯಸ್ಕಾಂತದಿಂದ ಅಳಿಸುವ ಮೆಷಿನ್ ತಂದಿದ್ದಾರೆ, ಡೀಗಾಸರ್ ಅಂತ. ‘ನಿಷ್ಕಾಂತೀಕರಣ’ ಅಂತ ಬರೆದು ತೋರಿಸಿದೆ. ‘ಇದೇನು ಪುಣ್ಯಾಹದ ಮಂತ್ರಾನಾ’ ಅಂದರು. ಬೋರ್ಡು ಬರೆಯುವವನು ಬೆಳಿಗ್ಗೆ ಬರುತ್ತಾನೆ. ಬೇಗ ಹೇಳಿ.

ಮರು: (ಸರಸ್ವತೀಪುರಂ, ಮೈಸೂರು)
ಮೊದಲು ಆ ಅಯಸ್ಕಾಂತ ಬಿಡಿ. ‘ಅಯಸ್’ ಅಂದರೆ ಕಬ್ಬಿಣ, ‘ಕಾಂತ’ ಅಂದರೆ ನಲ್ಲ, ಎರಡೂ ಸಂಸ್ಕೃತ. ಸೂಜಿಗಲ್ಲು ಅನ್ನೋ ಅಚ್ಚಗನ್ನಡ ಪದ ಮನೆಯಲ್ಲೇ ಇದೆ. ‘ಸೂಜಿಗಲ್ಲಳಿಪು’ ಅಂತ ಬರೆಸಿ. ಹತ್ತು ಸಲ ಓದಿದರೆ ರೂಢಿ ಆಗುತ್ತೆ.

ಮರು: (ಕುವೆಂಪುನಗರ, ಮೈಸೂರು)
ಅಚ್ಚಗನ್ನಡ ಅಂತೆ! ಸೂಜಿ ಬಂದದ್ದೇ ಸಂಸ್ಕೃತದ ‘ಸೂಚಿ’ಯಿಂದ ಸ್ವಾಮಿ. ನಿಮ್ಮ ಪಾಲಿಗೆ ಉಳಿದದ್ದು ಕಲ್ಲು ಮಾತ್ರ.

ಅದಿರಲಿ, ನನ್ನ ತಕರಾರು ‘ಅಳಿಸು’ ಮೇಲೆ. ಅಳಿಸಿದ ಜಾಗದಲ್ಲಿ ಮತ್ತೆ ಬರೆಯಬಹುದು, ಸ್ಲೇಟು ಒರೆಸಿದ ಹಾಗೆ. ಹಳೇ ಟೇಪ್ ಕ್ಯಾಸೆಟ್ಟಿಗೆ ಆ ಮಾತು ಸರಿ, ಅಳಿಸಿ ಮತ್ತೆ ರೆಕಾರ್ಡ್ ಮಾಡಿಕೊಳ್ಳುತ್ತಿದ್ದೆವು ಅಲ್ವಾ. ಈಗಿನ ಹಾರ್ಡ್ ಡಿಸ್ಕ್ ಹಾಗಲ್ಲ. ಒಳಗೆ ಓದಿ ಬರೆಯುವ ಹೆಡ್ಡಿಗೆ ದಾರಿ ತೋರಿಸುವ ಗುರುತುಗಳನ್ನು ಕಾರ್ಖಾನೆಯಲ್ಲೇ ತಟ್ಟೆಯ ಮೇಲೆ ಬರೆದಿರುತ್ತಾರೆ, ಅವೂ ಕಾಂತದ ಗುರುತುಗಳೇ. ಈ ಮೆಷಿನ್ನಿಗೆ ಇಟ್ಟರೆ ಅವೂ ಹೋಗುತ್ತವೆ, ಆಮೇಲೆ ಆ ಡಿಸ್ಕ್ ಯಾವ ಕೆಲಸಕ್ಕೂ ಬರಲ್ಲ. ‘ಅಳಿಸಿ ಕೊಡುತ್ತೇವೆ’ ಅಂತ ಬರೆಸಿದರೆ ಗಿರಾಕಿ ಮಾರನೇ ದಿನ ಜಗಳಕ್ಕೆ ಬರುತ್ತಾನೆ. ‘ಕಾಂತ ಕಳೆಯುವುದು’ ಅನ್ನಿ, ಸಾಕು.

ಪೆನ್ ಡ್ರೈವ್, ಎಸ್‌ಎಸ್‌ಡಿ ತಗೊಳ್ಳಬೇಡಿ. ಅವುಗಳಲ್ಲಿ ಮಾಹಿತಿ ಕೂತಿರೋದು ವಿದ್ಯುತ್ ಚಾರ್ಜಿನ ರೂಪದಲ್ಲಿ, ಕಾಂತ ಹಿಡಿದರೆ ಏನೂ ಅಳಿಯಲ್ಲ. ಸುಮ್ನೆ ದುಡ್ಡು ತಗೊಂಡ ಹಾಗಾಗುತ್ತೆ.

ಮರು: (ಸರಸ್ವತೀಪುರಂ)
ತದ್ಭವ ಆದಮೇಲೆ ಅದು ಕನ್ನಡವೇ. ಇಷ್ಟು ಗೊತ್ತಿಲ್ಲದವರ ಹತ್ತಿರ ವಾದ ಮಾಡಲ್ಲ. ಕಾಂತನನ್ನು ಕಳೆಯೋ ಅಂಗಡಿಗೆ ಯಾವ ಹೆಂಗಸು ಕಾಲಿಡುತ್ತಾಳೆ? ಅದೂ ಅಲ್ಲದೆ ಮಂಡ್ಯದಲ್ಲಿ ಕಳೆ ಅಂದರೆ ಗದ್ದೆಯಲ್ಲಿ ಕೀಳೋದು.

ಮರು: (ಪಾಂಡವಪುರ)
ಇಬ್ಬರೂ ಒಂದು ಸಲ ಹಿಟ್ಟಿನ ಮಿಲ್ಲಿಗೆ ಹೋಗಿ ಬನ್ನಿ. ರಾಗಿ ಸುರಿಯೋ ಬಾಯಲ್ಲಿ ಮೊಳೆ ಹಿಡಿಯೋಕೆ ಒಂದು ಪಟ್ಟಿ ಇರುತ್ತೆ. ಅಕ್ಷರ ಬಾರದ ಅಜ್ಜಿಯೂ ಅದನ್ನು ಮ್ಯಾಗ್ನೆಟ್ ಅಂತಲೇ ಅನ್ನೋದು. ಡೀಗಾಸ್ ಮಾತ್ರ ಅಪ್ಪಟ ಇಂಗ್ಲಿಷಾ? ಗಾಸ್ (1777–1855) ಜರ್ಮನಿಯ ಗಣಿತಜ್ಞ. ಎರಡನೇ ಮಹಾಯುದ್ಧದಲ್ಲಿ ಹಡಗಿನ ಕಾಂತಕ್ಕೆ ಸಿಡಿಯುವ ಕಡಲ ಮೈನ್‌ ಬಾಂಬುಗಳಿಂದ ಉಳಿಯೋಕೆ ಹಡಗಿನ ಕಾಂತ ಕಳೆಯುವಾಗ ಬ್ರಿಟಿಷರು ಶತ್ರು ದೇಶದವನ ಹೆಸರನ್ನೇ ಕ್ರಿಯಾಪದ ಮಾಡಿಕೊಂಡರು. ಅವರಿಗಿಲ್ಲದ ಮಡಿ ನಮಗ್ಯಾಕೆ?

ಮರು: (ಮಂಡ್ಯ)
ಬೋರ್ಡು ಬರೆದಾಯಿತು. ‘ಮ್ಯಾಗ್ನೆಟ್ಟಿನಿಂದ ಹಾರ್ಡ್ ಡಿಸ್ಕ್ ಪೂರ್ತಿ ಖಾಲಿ. ಡಿಸ್ಕ್ ಮತ್ತೆ ಬಳಸಲು ಬರುವುದಿಲ್ಲ. ಪೆನ್ ಡ್ರೈವ್ ತರಬೇಡಿ.’ ಅಕ್ಷರದ ಲೆಕ್ಕದಲ್ಲಿ ದುಡ್ಡು ತಗೊಂಡ, ಒತ್ತಕ್ಷರಕ್ಕೆ ಬೇರೆ. ‘ನಿಷ್ಕಾಂತೀಕರಣ’ವೇ ಅಗ್ಗ ಆಗ್ತಿತ್ತು ಅಂತ ಭಾವ ಗೊಣಗುತ್ತಿದ್ದಾರೆ.