ಸಹಾಯ ಬೇಕು: ಹಳೆಯ ಕೋರ್ಟ್ ದಾಖಲೆ ಓದಬಲ್ಲವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿ ಹದಿನೆಂಟು ತುಂಬುವ ಮೊದಲೇ ಕೊಲೆ ಕೇಸಿನಲ್ಲಿ ಸಿಕ್ಕಿಬಿದ್ದು ಜೀವಾವಧಿ ಶಿಕ್ಷೆಯಾದ ಇಬ್ಬರು ಹುಡುಗರ ದಾಖಲೆ ಓದುತ್ತಿದ್ದೇನೆ. ಅವರು ನಿರಪರಾಧಿಗಳು ಅಂತ ಈಗಲೇ ಹೇಳಲಾರೆ, ಆದರೆ ಓದಿದಷ್ಟೂ ಅನುಮಾನ ಜಾಸ್ತಿಯಾಗುತ್ತಿದೆ. ಕೇಸ್ ನಿಂತಿರುವುದೇ ಒಬ್ಬನ ತಪ್ಪೊಪ್ಪಿಗೆಯ ಮೇಲೆ. ರಾತ್ರಿಯಿಡೀ ವಿಚಾರಣೆ ನಡೆದರೂ ರೆಕಾರ್ಡ್ ಆಗಿರುವುದು ಕೊನೆಯ ಭಾಗ ಮಾತ್ರ. ಅದರಲ್ಲೂ ಎಲ್ಲಿ ನಡೆದದ್ದು ಅಂತ ಕೇಳಿದರೆ ಅವನು ಮೊದಲು "ಮನೆಯೊಳಗೆ" ಅನ್ನುತ್ತಾನೆ, ಅಧಿಕಾರಿ "ಸರಿಯಾಗಿ ಯೋಚಿಸು" ಅಂದ ಮೇಲೆ "ಹಾಗಾದರೆ ಹೊರಗೆ" ಅನ್ನುತ್ತಾನೆ. ಪಕ್ಕದಲ್ಲಿ ಅಪ್ಪ ಅಮ್ಮ ಇಲ್ಲ, ವಕೀಲರೂ ಇಲ್ಲ. ಕಣ್ಣಾರೆ ಕಂಡವನು ಹೀಗೆ ಊಹಿಸುತ್ತಾನಾ?

ಮಾಡದ ತಪ್ಪನ್ನು ಯಾರಾದರೂ ಸುಮ್ನೆ ಒಪ್ಪಿಕೊಳ್ಳುತ್ತಾರಾ ಅಂತ ಕೇಳಬಹುದು. 1989ರ ನ್ಯೂಯಾರ್ಕ್ ಸೆಂಟ್ರಲ್ ಪಾರ್ಕ್ ಅತ್ಯಾಚಾರ ಕೇಸಿನಲ್ಲಿ 14ರಿಂದ 16 ವರ್ಷದ ಹುಡುಗರು ಒಪ್ಪಿಕೊಂಡಿದ್ದರು. 2002ರಲ್ಲಿ ನಿಜವಾದ ಅಪರಾಧಿ ತಾನೇ ಬಾಯಿಬಿಟ್ಟ, ಡಿಎನ್‌ಎ ಕೂಡ ಅವನದ್ದೇ ಆಗಿತ್ತು, ಶಿಕ್ಷೆಯಾಗಿದ್ದ ಐವರು ಹುಡುಗರ ಮೇಲಿನ ತೀರ್ಪೂ ರದ್ದಾಯಿತು.

ಹದಿನೆಂಟರ ಒಳಗಿನವರ ಜೀವಾವಧಿ ಶಿಕ್ಷೆ ಬಗ್ಗೆ ಅಮೆರಿಕದ ಸುಪ್ರೀಂ ಕೋರ್ಟ್ ಕೊಟ್ಟ 2012ರ ಮಿಲ್ಲರ್ ಮತ್ತು 2016ರ ಮಾಂಟ್‌ಗೊಮೆರಿ ತೀರ್ಪುಗಳಿಂದ ಇಂಥ ಎಷ್ಟೋ ಹಳೆಯ ಕೇಸುಗಳಲ್ಲಿ ಶಿಕ್ಷೆಯ ಮರುಪರಿಶೀಲನೆಗೆ ದಾರಿಯಾಯಿತು, ನಿಜ. ಆದರೆ ಅದು ಶಿಕ್ಷೆ ಎಷ್ಟು ಅನ್ನುವ ಮಾತು ಅಷ್ಟೇ, ತಪ್ಪು ಮಾಡಿದ್ದಾರಾ ಅನ್ನುವುದಲ್ಲ. ಕೈದಿಯನ್ನು ಅವಧಿಗೆ ಮುಂಚೆ ಬಿಡಬೇಕೇ ಅಂತ ತೀರ್ಮಾನಿಸುವ ಪೆರೋಲ್ ಬೋರ್ಡ್ ಪಶ್ಚಾತ್ತಾಪ ನೋಡುತ್ತದೆ. ಮಾಡದೇ ಇರುವುದಕ್ಕೆ ಪಶ್ಚಾತ್ತಾಪ ಎಲ್ಲಿಂದ ತರುವುದು, ಹೇಳಿ.

ಅಲ್ಲಿನ ಕ್ರಿಮಿನಲ್ ಕಾನೂನು ಓದಿದವರು, ಬೆರಳಚ್ಚು ಅಥವಾ ಡಿಎನ್‌ಎ ವರದಿ ಅರ್ಥವಾಗುವವರು ಇದ್ದರೆ ದಯವಿಟ್ಟು ಮೆಸೇಜ್ ಮಾಡಿ. ಹಳೆಯ ಸಾಕ್ಷ್ಯವನ್ನು ಮತ್ತೆ ಪರೀಕ್ಷೆಗೆ ಕಳಿಸಲು ಅರ್ಜಿ ಹೇಗೆ ಹಾಕುವುದು ಅನ್ನುವುದೇ ನನಗೆ ಮೊದಲು ತಿಳಿಯಬೇಕಾಗಿದೆ.