ಮೆಡಿಕಲ್ ಸ್ಕೂಲಿಗೆ ಮುಂಚೆ ಒಂದು ಗ್ಯಾಪ್ ಇಯರ್: ಲ್ಯಾಬಾ, ಕ್ಲಿನಿಕ್ಕಾ?

ಪ್ರೀಮೆಡ್_ಗೊಂದಲ:
ಎಲ್ರಿಗೂ ನಮಸ್ಕಾರ. ಯುಎಸ್‌ನಲ್ಲಿದೀನಿ, ಈ ಮೇ ತಿಂಗಳಲ್ಲಿ ಬಯಾಲಜಿ ಡಿಗ್ರಿ ಮುಗಿಯತ್ತೆ, ಎಮ್‌ಕ್ಯಾಟ್ (ಮೆಡಿಕಲ್ ಸ್ಕೂಲ್ ಎಂಟ್ರೆನ್ಸ್ ಪರೀಕ್ಷೆ) 514 ಬಂದಿದೆ ಅದರ ತಲೆಬಿಸಿ ಇಲ್ಲ. ಗ್ಯಾಪ್ ಇಯರ್‌ಗೆ ಎರಡು ಆಫರ್ ಇದೆ, ಒಂದು ಇಮ್ಯುನಾಲಜಿ ಲ್ಯಾಬಲ್ಲಿ ರಿಸರ್ಚ್ ಟೆಕ್ನಿಷಿಯನ್, ಇನ್ನೊಂದು ಕ್ಲಿನಿಕ್ಕಲ್ಲಿ ಮೆಡಿಕಲ್ ಅಸಿಸ್ಟೆಂಟ್. ಕಾಲೇಜಲ್ಲಿ ಪೂರ್ತಿ ಲ್ಯಾಬಲ್ಲೇ ಕಳೆದೆ, ಕಾನ್ಫರೆನ್ಸ್ ಪೋಸ್ಟರ್ ಇದೆ, ಜರ್ನಲಲ್ಲಿ ಬಂದ ಪೇಪರ್ ಇಲ್ಲ. ಪೇಷೆಂಟ್‌ಗಳ ಜೊತೆ ಅಂದ್ರೆ ಸ್ವಲ್ಪ ಶ್ಯಾಡೋಯಿಂಗು (ಡಾಕ್ಟರ್ ಹಿಂದೆ ಇದ್ದು ಕೆಲಸ ನೋಡೋದು), ವಾಲಂಟಿಯರ್ ಆಗಿ ವೀಲ್‌ಚೇರ್ ತಳ್ಳಿದ್ದು, ಅಷ್ಟೇ. ರಿಸರ್ಚ್‌ಗೆ ಹೆಸರಾದ ಸ್ಕೂಲ್‌ಗಳಿಗೆ ಹಾಕೋ ಆಸೆ ಇದೆ, ಪೇಪರ್ ಇಲ್ದೆ ಅಲ್ಲಿ ಯಾರೂ ಮೂಸಿ ನೋಡಲ್ಲ ಅಂತ ಫ್ರೆಂಡ್ಸ್ ಹೆದರಿಸ್ತಿದಾರೆ. ಯಾವ್ದು ತಗೊಳ್ಳಲಿ?

ಹಳೇ_ಸ್ಕ್ರೈಬ್:
ಮೊದ್ಲು ಇದನ್ನ ಹೇಳಿ, ಅಪ್ಲೈ ಮಾಡೋದು ಈ ಜೂನಲ್ಲಾ ಅಥವಾ ಮುಂದಿನ ಜೂನಲ್ಲಾ? ಎಲ್ಲಾ ಇದರ ಮೇಲೇ ನಿಂತಿದೆ, ಯಾರೂ ಇದನ್ನ ಕೇಳೋದೇ ಇಲ್ಲ. ಈ ಜೂನ್ ಅಂದ್ರೆ ಆಮ್‌ಕ್ಯಾಸ್ (ಮೆಡಿಕಲ್ ಸ್ಕೂಲ್‌ಗಳಿಗೆ ಹಾಕೋ ಕಾಮನ್ ಅಪ್ಲಿಕೇಶನ್) ಸಬ್ಮಿಟ್ ಮಾಡೋ ಹೊತ್ತಿಗೆ ನೀವು ಕೆಲಸಕ್ಕೆ ಸೇರಿ ಒಂದೆರಡು ವಾರ ಆಗಿರತ್ತೆ ಇಲ್ಲಾ ಸೇರಿರೋದೇ ಇಲ್ಲ, ಮುಂದೆ ಮಾಡೋ ಅವರ್ಸ್ ಅಂತ ಅಂದಾಜು ಹಾಕ್ಬೋದು ನಿಜ ಆದ್ರೆ ಮಾಡದೇ ಇರೋ ಕೆಲಸದ ಬಗ್ಗೆ ಏನಂತ ಬರೀತೀರ? 15 ಆಕ್ಟಿವಿಟಿ ಹಾಕೋಕೆ ಜಾಗ ಇದೆ, ಅದರಲ್ಲಿ 3 ಮಾತ್ರ ಮೋಸ್ಟ್ ಮೀನಿಂಗ್‌ಫುಲ್ ಅಂತ ಆರಿಸಿ ಉದ್ದಕ್ಕೆ ಬರೀಬೋದು. ನಿಮ್ಮ ಮೂರೂ ಲ್ಯಾಬಿಂದೇ ಆದ್ರೆ ಓದೋರಿಗೆ ಅನ್ಸೋದು ಒಂದೇ, ಈ ಹುಡುಗ್ರು ಪಿಎಚ್‌ಡಿ ಬಿಟ್ಟು ಇಲ್ಲಿಗ್ಯಾಕೆ ಬಂದ್ರು ಅಂತ.

ಇನ್ನು ಪೇಪರ್ ವಿಷ್ಯ. ಹೊಸ ಲ್ಯಾಬಿಗೆ ಸೇರಿ ವರ್ಷದೊಳಗೆ ಪೇಪರ್ ಬರೋದು ಅದೃಷ್ಟ ಕಣ್ರೀ, ಪ್ಲಾನ್ ಅಲ್ಲ. ಡೇಟಾ ಬಂದ್ರೂ ರಿವ್ಯೂನಲ್ಲೇ ತಿಂಗಳುಗಟ್ಲೆ ಕೂತಿರತ್ತೆ.

ಪೆಟ್ರಿ_ಪ್ಲೇಟ್:
ನಾನು ಎಮ್‌ಡಿ-ಪಿಎಚ್‌ಡಿ (ಇಲ್ಲಿನ ಡಾಕ್ಟರ್ ಡಿಗ್ರಿ ಎಮ್‌ಡಿ, ಜೊತೆಗೆ ರಿಸರ್ಚ್ ಡಿಗ್ರಿ) ಮಾಡ್ತಿರೋದು, ಸ್ವಲ್ಪ ಉಲ್ಟಾ ಹೇಳ್ತೀನಿ. ಆ ದಾರಿ ಮನಸ್ಸಲ್ಲಿದ್ರೆ ಯೋಚ್ನೆನೇ ಬೇಡ, ಲ್ಯಾಬ್. ಮಾಮೂಲಿ ಪರ್ಸನಲ್ ಸ್ಟೇಟ್‌ಮೆಂಟ್ 5,300 ಕ್ಯಾರೆಕ್ಟರ್, ನಮಗೆ ಅದರ ಮೇಲೆ ಇನ್ನೂ ಎರಡು ಎಸ್ಸೇ, ರಿಸರ್ಚ್ ಬಗ್ಗೆ ಬರೆಯೋದೇ 10,000 ಕ್ಯಾರೆಕ್ಟರ್, ಒಂದು ಪೋಸ್ಟರ್ ಇಟ್ಕೊಂಡು ಅಷ್ಟು ಎಳೆಯೋಕಾಗಲ್ಲ. ಓದೋದೂ ಏಳೆಂಟು ವರ್ಷ. ಬೆಥೆಸ್ಡಾದಲ್ಲಿ ಎನ್‌ಐಎಚ್ (ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ) ಪೋಸ್ಟ್‌ಬ್ಯಾಕ್, ಅಂದ್ರೆ ಡಿಗ್ರಿ ಆದ್ಮೇಲಿನ ರಿಸರ್ಚ್ ಟ್ರೇನಿಂಗ್, ಕೂಡ ನೋಡ್ಬೋದು ಆದ್ರೆ ಅದಕ್ಕೆ ಸಿಟಿಜನ್ ಅಥವಾ ಗ್ರೀನ್ ಕಾರ್ಡ್ ಇರ್ಬೇಕು, ವೀಸಾ ಮೇಲಿರೋರು ಸುಮ್ನೆ ಟೈಮ್ ವೇಸ್ಟ್ ಮಾಡ್ಕೋಬೇಡಿ.

ಬರೀ ಎಮ್‌ಡಿ ಅಂದ್ರೆ ಸ್ಕ್ರೈಬ್ ಹೇಳಿದ್ದೇ ಸರಿ. ನಿಮ್ಮ ಹತ್ರ ಇರೋ ರಿಸರ್ಚೇ ಸಾಕು, ಹಳೇ ಪಿಐ (ಲ್ಯಾಬ್ ಮುಖ್ಯಸ್ಥರು) ಒಳ್ಳೆ ಶಿಫಾರಸು ಲೆಟರ್ ಕೊಟ್ರೆ.

ಪ್ರೀಮೆಡ್_ಗೊಂದಲ:
ಥ್ಯಾಂಕ್ಸ್ ಇಬ್ರಿಗೂ. ಬರೀ ಎಮ್‌ಡಿನೇ. ಈ ಜೂನಲ್ಲೇ ಹಾಕ್ಬೇಕು ಅಂತಿದ್ದೆ, ಈಗ ಡೌಟ್ ಶುರುವಾಯ್ತು. ಕ್ಲಿನಿಕಲ್ ರಿಸರ್ಚ್ ಕೋಆರ್ಡಿನೇಟರ್ ಆದ್ರೆ ಎರಡೂ ಸಿಗತ್ತೆ ಅಂತಾರಲ್ಲ, ಅದು ಹೇಗೆ?

ಕನ್ಸೆಂಟ್_ಫಾರ್ಮ್:
ಅದೇ ಕೆಲಸದಲ್ಲಿದೀನಿ ಅದಕ್ಕೇ ಬರೀತಿದೀನಿ. ಎರಡೂ ಸಿಗತ್ತೆ ಅನ್ನೋದು ಯಾವ ಟ್ರಯಲ್ (ಪೇಷೆಂಟ್‌ಗಳ ಮೇಲೆ ನಡೆಯೋ ಚಿಕಿತ್ಸೆಯ ಪರೀಕ್ಷೆ) ಅನ್ನೋದರ ಮೇಲೆ ಹೋಗತ್ತೆ. ಕೆಲವು ಟ್ರಯಲ್‌ನಲ್ಲಿ ದಿನಾ ಪೇಷೆಂಟ್ ಎದುರು ಕೂತು, ಇದು ಟ್ರೀಟ್‌ಮೆಂಟ್ ಅಲ್ಲ ಸ್ಟಡಿ, ನಿಮಗೆ ಪ್ಲಸೀಬೋ (ಔಷಧಿ ಇಲ್ಲದ ಡಮ್ಮಿ) ಬರ್ಬೋದು, ಯಾವಾಗ ಬೇಕಾದ್ರೂ ಬಿಟ್ಟು ಹೋಗ್ಬೋದು ಅಂತ ವಿವರಿಸ್ಬೇಕು, ಕ್ಯಾನ್ಸರ್ ಅಂತ ಹೋದ ವಾರ ಗೊತ್ತಾಗಿರೋರಿಗೆ ಪ್ಲಸೀಬೋ ಅಂದ್ರೇನು ಅಂತ ಹೇಳೋದು ಯಾವ ಕ್ಲಾಸಲ್ಲೂ ಕಲಿಸಲ್ಲ. ಇನ್ನು ಕೆಲವು ಕಡೆ ಇಡೀ ದಿನ ಹಳೇ ಚಾರ್ಟ್ ನೋಡಿ ರೆಡ್‌ಕ್ಯಾಪ್ ಅನ್ನೋ ಡೇಟಾ ಸಾಫ್ಟ್‌ವೇರ್‌ಗೆ ಎಂಟ್ರಿ ಮಾಡೋದು, ಐಆರ್‌ಬಿಗೆ (ಸ್ಟಡಿಗೆ ಒಪ್ಪಿಗೆ ಕೊಡೋ ಎಥಿಕ್ಸ್ ಕಮಿಟಿ) ಫಾರ್ಮ್‌ಗಳನ್ನ ಕಳ್ಸೋದು, ಪೇಷೆಂಟ್ ಮುಖಾನೇ ಕಾಣಲ್ಲ. ಇಂಟರ್‌ವ್ಯೂನಲ್ಲಿ ನೇರವಾಗಿ ಕೇಳಿ, ವಾರಕ್ಕೆ ಎಷ್ಟು ಪೇಷೆಂಟ್‌ಗಳ ಹತ್ರ ನಾನೇ ಮಾತಾಡ್ತೀನಿ ಅಂತ. ಉತ್ರ ಸುತ್ತಿ ಬಳಸಿ ಬಂದ್ರೆ ಅರ್ಥ ಮಾಡ್ಕೊಳ್ಳಿ.

ಹಳೇ_ಸ್ಕ್ರೈಬ್:
ಅದಕ್ಕೆ ಸೇರ್ಸಿ, ಲ್ಯಾಬ್ ಆಫರ್ ಕೊಟ್ಟೋರು ಎರಡು ವರ್ಷ ಇರ್ಬೇಕು ಅಂತಾರಾ ಕೇಳಿದ್ರಾ? ತುಂಬಾ ಪಿಐಗಳು ಟೆಕ್ನಿಷಿಯನ್‌ಗಳಿಂದ ಅಷ್ಟು ನಿರೀಕ್ಷೆ ಮಾಡ್ತಾರೆ, ವರ್ಷಕ್ಕೇ ಬಿಟ್ಟು ಹೊರಟ್ರೆ ಲೆಟರ್ ಸಪ್ಪೆ ಆಗತ್ತೆ.

ನನ್ನ ಕೇಳಿದ್ರೆ ಮೆಡಿಕಲ್ ಅಸಿಸ್ಟೆಂಟ್ ತಗೊಂಡು ಮುಂದಿನ ಜೂನಲ್ಲಿ ಹಾಕಿ. ಅಡ್ಮಿಷನ್ ಒಂದ್ಕಡೆ ಇರ್ಲಿ, ಸಂಜೆ ಐದಕ್ಕೆ ಕೊನೇ ಪೇಷೆಂಟ್ ಬೈತಾ ಬಂದಾಗ್ಲೂ ಈ ಕೆಲಸ ಬೇಕು ಅನ್ಸತ್ತಾ ಇಲ್ವಾ ಅನ್ನೋದು ವೀಲ್‌ಚೇರ್ ತಳ್ಳಿದ್ರೆ ಗೊತ್ತಾಗಲ್ಲ. ಎಮ್‌ಕ್ಯಾಟ್ ಸ್ಕೋರ್ ಎಷ್ಟು ವರ್ಷ ಹಳೇದಾದ್ರೂ ತಗೋತಾರೆ ಅಂತ ಮಾತ್ರ ಒಂದೊಂದು ಸ್ಕೂಲಿಂದೂ ನೋಡ್ಕೊಳ್ಳಿ, ಎಲ್ಲಾ ಕಡೆ ಒಂದೇ ರೂಲ್ ಇಲ್ಲ.

ಪ್ರೀಮೆಡ್_ಗೊಂದಲ:
ಎರಡು ವರ್ಷದ ವಿಷ್ಯ ಕೇಳೇ ಇರ್ಲಿಲ್ಲ, ಈಗ್ಲೇ ಮೇಲ್ ಹಾಕ್ತೀನಿ. ಕ್ಲಿನಿಕ್‌ನವರು ಶುಕ್ರವಾರದೊಳಗೆ ಹೇಳಿ ಅಂದಿದಾರೆ.