ಪಿನ್ ಪಾರ್ವತಿ ಪಾಸ್ ನನ್ನ ಕೈಲಾಗುತ್ತಾ? ಹೋಗಿ ಬಂದವರು ಹೇಳಿ

ಕೇಳಿದವರು, ಧಾರವಾಡ:
ನಮಸ್ಕಾರ್ರಿ. ನನಗೀಗ 38. ಸೆಪ್ಟೆಂಬರ್‌ನಲ್ಲಿ ಹಿಮಾಚಲದ ಪಾರ್ವತಿ ಕಣಿವೆಯಿಂದ ಸ್ಪಿತಿ ಕಡೆಗೆ ಬೆಟ್ಟ ದಾಟೋ ಪಿನ್ ಪಾರ್ವತಿ ಪಾಸ್ ಮಾಡೋಣ ಅಂತ ನಾವು ಐದು ಜನ ಗೆಳೆಯರು ಮಾತಾಡಿಕೊಂಡಿದ್ದೇವೆ. ಹೋದ ವರ್ಷ ಎಲ್ಲರೂ ಹಂಪ್ಟಾ ಪಾಸ್ ಮಾಡಿದ್ದೇವೆ, ಯಾರಿಗೂ ಏನೂ ಆಗಲಿಲ್ಲ. ನಾನು ದಿನಾ ಬೆಳಿಗ್ಗೆ ಯೂನಿವರ್ಸಿಟಿ ಕ್ಯಾಂಪಸ್‌ನಲ್ಲಿ ಎಂಟು ಕಿಲೋಮೀಟರ್ ಓಡುತ್ತೇನೆ. ಬಿಪಿಗೆ ಒಂದು ಸಣ್ಣ ಗುಳಿಗೆ ಇದೆ. ಗ್ಲೇಸಿಯರ್ (ಹಿಮನದಿ) ಮೇಲೆ ಯಾವತ್ತೂ ಕಾಲಿಟ್ಟಿಲ್ಲ. ಅವ್ವ ಬೇಡ ಅಂತಿದ್ದಾಳೆ. ಹೆಂಡತಿ ಏನೂ ಅಂತಿಲ್ಲ, ಅದೇ ಜಾಸ್ತಿ ಭಯ. ಖರೇ ಹೇಳಿ, ನಾನು ತಯಾರಾಗಿದ್ದೇನಾ?

ಹುಬ್ಬಳ್ಳಿಯಿಂದ:
ಓಟ ಒಳ್ಳೆಯದೇ ಅಣ್ಣಾ, ಬಿಡಬೇಡಿ. ಆದರೆ ಹಂಪ್ಟಾ ನೋಡಿ ಧೈರ್ಯ ಮಾಡಬೇಡಿ. ಅದು ಸುಮಾರು 4270 ಮೀಟರ್, ಸರಿ, ಆದರೆ ಅಲ್ಲಿ ನೀವು ರಾತ್ರಿ ಮಲಗಿದ್ದು 4000ದ ಒಳಗೇ, ಪಾಸ್ ಹತ್ತಿ ಅದೇ ದಿನ ಇಳಿದುಬಿಟ್ಟಿರಿ. ಪಿನ್ ಪಾರ್ವತಿ 5319 ಮೀಟರ್. ಹಿಂದಿನ ರಾತ್ರಿ ಟೆಂಟ್ ಹಾಕೋದೇ 4900ರ ಆಸುಪಾಸಿನಲ್ಲಿ. ಮೇಲೆ ಸಿಗುವ ಆಮ್ಲಜನಕ ಸಮುದ್ರ ಮಟ್ಟದಲ್ಲಿ ಸಿಗೋದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಕಾಲಲ್ಲಿ ಎಷ್ಟು ಕಸುವಿದೆ ಅಂತ ಆ ಎತ್ತರ ಕೇಳಲ್ಲ.

ನಮ್ಮ ತಂಡದಲ್ಲಿ ದಿನಾ ಎಲ್ಲರಿಗಿಂತ ಮೊದಲು ಕ್ಯಾಂಪ್ ಮುಟ್ಟುತ್ತಿದ್ದವನು ನನ್ನ ಟೆಂಟಿನವನೇ. ಮಾಂತಲೈ ಸರೋವರದ ಹತ್ತಿರ, 4100 ಮೀಟರ್ ಇರಬಹುದು, ರಾತ್ರಿ ಊಟ ಬೇಡ ಅಂದ. ಹೊಟ್ಟೆ ಸರಿಯಿಲ್ಲ ಅಂದ. ಬೆಳಿಗ್ಗೆ ನೋಡಿದರೆ ಬೂಟಿನ ಲೇಸ್ ಕೈಯಲ್ಲಿ ಹಿಡಿದು ಕೂತಿದ್ದಾನೆ, ಗಂಟು ಹಾಕೋಕೇ ಬರುತ್ತಿಲ್ಲ. ಗೈಡ್ ಜಾಸ್ತಿ ಮಾತಾಡಲಿಲ್ಲ. ನೆಲದ ಮೇಲೆ ಹಗ್ಗ ಚಾಚಿದ. ಒಂದು ಕಾಲಿನ ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗಿಸುತ್ತಾ ಇದರ ಮೇಲೆ ನಡಿ ಅಂದ. ಮೂರನೇ ಹೆಜ್ಜೆಗೆ ವಾಲಿದ. ಮಿದುಳಿನಲ್ಲಿ ಬಾವು ಬರೋ ಲಕ್ಷಣ ಅದು, ಹೇಸ್ ಅಂತಾರೆ. ಗೈಡ್ ತನ್ನ ಹತ್ತಿರ ಇದ್ದ, ಬಾವು ಇಳಿಸೋ ಡೆಕ್ಸಾಮೆಥಾಸೋನ್ ಕೊಟ್ಟ, ಆದರೆ ಅದು ಇಳಿಯೋಕೆ ಸ್ವಲ್ಪ ಸಮಯ ಕೊಡುತ್ತೆ ಅಷ್ಟೇ, ಇಳಿಯಲೇಬೇಕು. ಆಮೇಲೆ ಗೊತ್ತಾಯಿತು, ಎರಡು ದಿನದಿಂದ ತಲೆ ಸಿಡಿಯುತ್ತಿತ್ತಂತೆ. ಹೇಳಿರಲಿಲ್ಲ. ರಜೆ ಹಾಕಿದ್ದೇನೆ, ದುಡ್ಡು ಕಟ್ಟಿದ್ದೇನೆ, ನನ್ನಿಂದ ಎಲ್ಲರೂ ವಾಪಸ್ ಆಗಬಾರದು ಅಂತ. ಇಬ್ಬರು ಪೋರ್ಟರ್ ಅವನನ್ನು ಕೆಳಗೆ ಕರೆದುಕೊಂಡು ಹೋದರು. ಈಗ ಆರಾಮಾಗಿದ್ದಾನೆ, ಉಣಕಲ್ ಕೆರೆ ಹತ್ತಿರ ಸಿಕ್ಕಾಗ ಲೇಸ್ ಕಟ್ಟಿಕೊಡಲಾ ಅಂತ ಕಾಡುತ್ತೇವೆ.

ಮಾಂತಲೈಯಿಂದ, ನಡಿಗೆ ಶುರುವಾಗೋ ಬರ್ಶೈಣಿ ಊರಿಗೆ ವಾಪಸ್ ಬರೋದು ಒಂದು ದಿನದ ಮಾತಲ್ಲ, ಫೋನ್ ಸಿಗಲ್ಲ. ಅದಕ್ಕೇ ನೀವು ಐವರೂ ಹೊರಡೋ ಮೊದಲೇ ಒಂದು ಮಾತು ಮಾಡಿಕೊಳ್ಳಿ: ದಿನಾ ಸಂಜೆ ತಲೆನೋವು ಇದೆಯಾ, ಊಟ ಹೋಯಿತಾ, ಒಬ್ಬೊಬ್ಬರೂ ಬಾಯಿಬಿಟ್ಟು ಹೇಳಬೇಕು. ಪಾಸ್ ಮುಂದೆ ತಲೆನೋವು ಇದ್ದವನು ಮೇಲೆ ಹೋಗೋದಿಲ್ಲ.

ಇನ್ನೊಂದು. ಸ್ಪಿತಿಯ ಮುದ್ ಕಡೆಯಿಂದ ಶುರುಮಾಡೋಣ ಅಂತ ಯಾರಾದರೂ ಹೇಳಿದರೆ ಬೇಡ ಅನ್ನಿ. ಅಲ್ಲಿ ಗಾಡಿ ಇಳಿಯೋದೇ 3700 ಮೀಟರ್ ದಾಟಿದ ಮೇಲೆ. ಬರ್ಶೈಣಿಯಿಂದ ಹೋದರೆ ಖೀರ್‌ಗಂಗಾ, ಠಾಕುರ್ ಕುಆಂ, ಓಡಿ ಥಾಚ್ ಅಂತ ನಿಧಾನಕ್ಕೆ ಏರುತ್ತದೆ, ಮೈಗೆ ಒಗ್ಗೋಕೆ ಟೈಮ್ ಸಿಗುತ್ತೆ. 3000 ದಾಟಿದ ಮೇಲೆ ಮಲಗೋ ಜಾಗ ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ವಿಶ್ರಾಂತಿ ಬೇಕು. ಪ್ಲಾನ್‌ನಲ್ಲಿ ಖಾಲಿ ದಿನ ಇಲ್ಲದ ತಂಡದ ಜೊತೆ ಹೋಗಬೇಡಿ.

ಗದಗದಿಂದ:
ನಾನು ನರ್ಸ್, ಹಾಗಾಗಿ ಗುಳಿಗೆ ವಿಷಯ ಮಾತ್ರ ಹೇಳ್ತೀನಿ. ಬಿಪಿ ಗುಳಿಗೆಯ ಹೆಸರು ಡಾಕ್ಟರಿಗೆ ತೋರಿಸಿ, ಎಷ್ಟು ಎತ್ತರಕ್ಕೆ ಹೋಗ್ತೀರಿ ಅಂತ ಮೀಟರ್ ಲೆಕ್ಕದಲ್ಲೇ ಹೇಳಿ ಕೇಳಿ. ಕೆಲವು ಬಿಪಿ ಗುಳಿಗೆ ಮೂತ್ರ ಜಾಸ್ತಿ ಮಾಡಿಸ್ತವೆ, ಎತ್ತರದ ಕಾಯಿಲೆ ಬರದಿರಲಿ ಅಂತ ನುಂಗೋ ಡೈಯಾಮಾಕ್ಸ್ ಕೂಡ ಅದನ್ನೇ ಮಾಡುತ್ತೆ, ಎರಡೂ ಸೇರಿದರೆ ಮೈಯಲ್ಲಿ ನೀರೇ ಉಳಿಯಲ್ಲ. ಡೈಯಾಮಾಕ್ಸ್ ಸಾಮಾನ್ಯವಾಗಿ 125 ಮಿ.ಗ್ರಾಂ ದಿನಕ್ಕೆರಡು, ಏರೋ ಹಿಂದಿನ ದಿನದಿಂದ. ಬೆರಳು ಜುಮ್ಮೆನ್ನುತ್ತೆ, ಹೆದರಬೇಡಿ. ಸಲ್ಫಾ ಔಷಧ ಆಗದವರು ಕೇಳದೆ ನುಂಗಬಾರದು. ಸುಮ್ನೆ ಕೂತಾಗಲೂ ಏದುಸಿರು ಬಂದರೆ, ಕೆಮ್ಮು ನಿಲ್ಲದಿದ್ದರೆ ಅದು ಶೀತ ಅಲ್ಲ, ಶ್ವಾಸಕೋಶದಲ್ಲಿ ನೀರು. ರಾತ್ರಿಯಾದರೂ ಇಳಿಸಬೇಕು.

ಮತ್ತೆ ಭಾರ ಹೊತ್ತು ನಡೆಯೋದು ಕಲಿಬೇಕಂದ್ರೆ ಭಾನುವಾರ ಕಪ್ಪತಗುಡ್ಡಕ್ಕೆ ಬನ್ನಿ. ಬ್ಯಾಗಿನಲ್ಲಿ ಹತ್ತು ಲೀಟರ್ ನೀರಿನ ಬಾಟಲಿ ಹಾಕಿ ಹತ್ತಿ. ಇಳಿಯುವಾಗ ಮೊಣಕಾಲು ಏನು ಹೇಳುತ್ತೆ ಕೇಳಿ, ಓಟದಲ್ಲಿ ಅದು ಗೊತ್ತಾಗಲ್ಲ.

ಹಾವೇರಿಯಿಂದ:
ನಾನು ಪಾಸ್ ದಾಟಿಲ್ಲ, ಕ್ಯಾಂಪಿನಿಂದಲೇ ವಾಪಸ್ ಬಂದವನು. ಎರಡು ದಿನ ಮಂಜು, ಹತ್ತು ಹೆಜ್ಜೆ ಆಚೆ ಏನೂ ಕಾಣಲಿಲ್ಲ. ಹೊಸ ಹಿಮ ಬಿದ್ದರೆ ಗ್ಲೇಸಿಯರಿನ ಬಿರುಕುಗಳ ಬಾಯಿ ಮುಚ್ಚಿಹೋಗುತ್ತೆ, ಮೇಲೆ ನೋಡಿದರೆ ಬಯಲು, ಕೆಳಗೆ ಬಾವಿ. ಅದಕ್ಕೇ ಹಗ್ಗ ಕಟ್ಟಿಕೊಂಡು, ಬಿಸಿಲು ಏರಿ ಹಿಮ ಮೆತ್ತಗಾಗೋ ಮೊದಲೇ, ಕತ್ತಲಲ್ಲೇ ಹೊರಡೋದು. ಹಗ್ಗ ಕಟ್ಟಿದ ಮೇಲೆ ಫೋಟೋಗೆ ಅಂತ ಮುಂದಿನವನ ಹತ್ತಿರ ಹೋಗಬಾರದು, ಜೋತುಬಿದ್ದ ಹಗ್ಗ ಇದ್ದೂ ಇಲ್ಲದಂಗೆ. ದುಡ್ಡು ಕಟ್ಟೋ ಮೊದಲು ಕೇಳಿ: ಹಗ್ಗ, ಹಾರ್ನೆಸ್ (ಹಗ್ಗ ಸಿಕ್ಕಿಸೋಕೆ ಸೊಂಟಕ್ಕೆ ಕಟ್ಟೋ ಪಟ್ಟಿ) ಎಷ್ಟಿವೆ? ಬರೋ ಗೈಡ್ ಈ ವರ್ಷ ಪಾಸ್ ದಾಟಿದ್ದಾನಾ? ನಾನು ಕೇಳಿದಾಗ ಎಲ್ಲಾ ಇದೆ ಸರ್ ಅಂದಿದ್ದರು, ಮೇಲೆ ಹೋದ ಮೇಲೆ ಆರು ಜನಕ್ಕೆ ಎರಡು ಹಾರ್ನೆಸ್.

2024ರ ಜೂನ್‌ನಲ್ಲಿ ಉತ್ತರಕಾಶಿಯ ಸಹಸ್ರತಾಲ್‌ನಲ್ಲಿ ನಮ್ಮ ಕರ್ನಾಟಕದಿಂದ ಹೋದ, ಗೈಡ್‌ಗಳೂ ಸೇರಿ 22 ಜನರಿದ್ದ ತಂಡ ಹಿಮಗಾಳಿಗೆ ಸಿಕ್ಕಿ 9 ಜನ ತೀರಿಕೊಂಡರು. ಅದು ಪಿನ್ ಪಾರ್ವತಿಗಿಂತ ಎಷ್ಟೋ ಕಡಿಮೆ ಎತ್ತರ. ಅವ್ವನ ಮಾತು ಪೂರ್ತಿ ತಳ್ಳಿಹಾಕಬೇಡಿ.

ನನ್ನನ್ನು ಕೇಳಿದರೆ ಈ ಸಲ ಲಡಾಖಿನ ಮರ್ಖಾ ಕಣಿವೆ ಮಾಡಿ. ಕೊನೆಗೆ ಸುಮಾರು 4800 ಮೀಟರ್‌ನಲ್ಲಿ ನಿಮಲಿಂಗ್ ಕ್ಯಾಂಪ್, ಮರುದಿನ 5200 ದಾಟೋ ಕಾಂಗ್‌ಮಾರು ಲಾ ಅನ್ನೋ ಪಾಸ್. ಗ್ಲೇಸಿಯರ್ ಮೇಲೆ ನಡೆಯೋದಿಲ್ಲ. ಅಲ್ಲಿ ನಿದ್ದೆ ಬರುತ್ತಾ, ಊಟ ಹೋಗುತ್ತಾ ನೋಡಿಕೊಂಡು ಬರೋ ವರ್ಷ ಪಿನ್ ಪಾರ್ವತಿ. ಶೇಂಗಾ ಉಂಡಿ ಒಯ್ಯಿರಿ, ಚಳಿಗೆ ಕಲ್ಲಾಗ್ತಾವೆ, ರಾತ್ರಿ ಜೇಬಲ್ಲಿಟ್ಟು ಮಲಗಿ.

ಕೇಳಿದವರು, ಧಾರವಾಡ:
ಐವರೂ ಒಟ್ಟಿಗೆ ಕೂತು ಓದಿದ್ವಿ. ಪಿನ್ ಪಾರ್ವತಿ ಈ ವರ್ಷ ಇಲ್ಲ, ಮರ್ಖಾ ನೋಡುತ್ತಿದ್ದೇವೆ. ಆ ಬೂಟಿನ ಲೇಸಿನ ಕಥೆ ಓದಿ ಮುಗಿಸಿದಾಗ ನಮ್ಮಲ್ಲೊಬ್ಬ ಸುಮ್ಮನಾದ. ಹಂಪ್ಟಾದಲ್ಲಿ ಅವನಿಗೆ ಎರಡು ರಾತ್ರಿ ತಲೆನೋವಿತ್ತಂತೆ. ಈಗ ಹೇಳುತ್ತಿದ್ದಾನೆ.